ದಡಕ್ಕೆ ಬಂದ ಗುಟ್ಟು

ವೆಸ್ಲಿ: ಮುಂದೆ ಬಿಡಿ ಮಾವಾ. ಇನ್ನೂ ಅರವತ್ತಡಿ ಇದೆ ಅಂತ ಜಿಪಿಎಸ್ ಹೇಳ್ತಿದೆ.

ಎಲ್ಬರ್ಟ್: ಮುಂದೆ ಕೆಸರಿದೆ ಅಂತ ನನ್ನ ಕಣ್ಣು ಹೇಳ್ತಿದೆ. ಯಾರ ಮಾತು ಕೇಳಲಿ?

ಜನವರಿಯ ಮಂಜಿನಲ್ಲಿ, ಅಮೆರಿಕದ ಟೆನ್ನೆಸ್ಸಿಯ ಜಲಾಶಯವೊಂದರಲ್ಲಿ ಅವರ ದೋಣಿ ದಡದ ಕೆಸರಿಗೆ ಮೂಗು ತಾಗಿಸಿ ನಿಂತಿತ್ತು. ವೆಸ್ಲಿ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ನೌಕರ. ಏಪ್ರಿಲ್‌ನ ಬಾಸ್ ಮೀನು ಹಿಡಿಯುವ ಜೋಡಿ ಸ್ಪರ್ಧೆಗೆ ಮಾವ ಯಾವ ಅಳಿಯನನ್ನು ಜೊತೆಗೆ ಕರೆದುಕೊಳ್ಳುತ್ತಾನೆಂಬುದು ಇವತ್ತೇ ತೀರ್ಮಾನವಾಗಬೇಕಿತ್ತು. ದೊಡ್ಡಳಿಯ ಹಲ್ಲಿನ ಡಾಕ್ಟರು. ಅವನ ದೋಣಿ ವೆಸ್ಲಿಯ ಮನೆಗಿಂತ ಲಕ್ಷಣವಾಗಿತ್ತು. ವೆಸ್ಲಿಗಿದ್ದ ಬಂಡವಾಳ ಒಂದೇ, ಯಾರಿಗೂ ಗೊತ್ತಿಲ್ಲದ ಒಂದು ಮೀನಿನ ಜಾಗ.

ವೆಸ್ಲಿ: ಜೂನ್‌ನಲ್ಲಿ ನಾನೇ ಸೀಡರ್ ಮರ ಕಡಿದು, ಬುಡಕ್ಕೆ ಕಾಂಕ್ರೀಟ್ ಇಟ್ಟಿಗೆ ಕಟ್ಟಿ, ಮೀನಿಗೆ ನೆರಳಾಗಲಿ ಅಂತ ಇಲ್ಲೇ ಎಂಟಡಿ ನೀರಿಗೆ ಇಳಿಸಿದ್ದೆ.

ಎಲ್ಬರ್ಟ್: ಜೂನ್‌ನಲ್ಲಿ. ನೀರು ತುಂಬಿದ್ದಾಗ.

ವೆಸ್ಲಿ: ಹೌದು.

ಎಲ್ಬರ್ಟ್: ಚಳಿಗಾಲ ಬಂತು ಅಂದ್ರೆ ಅಣೆಕಟ್ಟಿನವರು ನೀರು ಎಷ್ಟಡಿ ಇಳಿಸ್ತಾರೆ?

ವೆಸ್ಲಿ: ಹತ್ತು.

ಎಲ್ಬರ್ಟ್: ಎಂಟರಲ್ಲಿ ಹತ್ತು ಕಳೆದ್ರೆ ಎಷ್ಟಪ್ಪಾ ಉಳಿಯುತ್ತೆ?

ವೆಸ್ಲಿ ಜಿಪಿಎಸ್ ಆರಿಸಿದ. ಅಣೆಕಟ್ಟಿನ ಬುಡದಲ್ಲೇ ಹುಟ್ಟಿ, ಇಪ್ಪತ್ತೇಳು ಚಳಿಗಾಲ ಈ ನೀರು ಇಳಿಯುವುದನ್ನು ನೋಡಿದ್ದ. ಮರ ಕಡಿಯುವಾಗ ಮಾತ್ರ ತಲೆಯಲ್ಲಿ ಮೀನಿತ್ತು, ಮಿದುಳು ರಜೆಯಲ್ಲಿತ್ತು.

ಅಷ್ಟರಲ್ಲಿ ಮಂಜು ಸರಿಯಿತು. ಬಟ್ಟಬಯಲಿನ ಕೆಸರಿನಲ್ಲಿ, ಇಡೀ ಜಲಾಶಯಕ್ಕೆ ಕಾಣುವ ಹಾಗೆ, ಮರ ನೆಟ್ಟಗೆ ನಿಂತಿತ್ತು. ಕೊಂಬೆಕೊಂಬೆಗೂ, ವೆಸ್ಲಿ ಎಸೆದಾಗೆಲ್ಲ ನೀರಡಿಯಲ್ಲಿ ಸಿಕ್ಕಿ ಹರಿದುಹೋಗಿದ್ದ, ಸೀಸದ ತಲೆ, ರಬ್ಬರಿನ ಲಂಗದ ಜಿಗ್ ಗಾಳಗಳು ಜೋತಾಡುತ್ತಿದ್ದವು.

ಎಲ್ಬರ್ಟ್: ಕ್ರಿಸ್ಮಸ್ ಮುಗಿದು ಮೂರು ವಾರ ಆಯ್ತು ಅಂತ ಇದಕ್ಕೆ ಯಾರೂ ಹೇಳಲಿಲ್ವಾ?

ವೆಸ್ಲಿ: ನಗಬೇಡಿ ಮಾವಾ.

ಎಲ್ಬರ್ಟ್: ಜಿಗ್ಗನ್ನ ವಸಂತದಲ್ಲಿ ದಡದ ಹತ್ತಿರ ಕುಣಿಸು, ಬೇಸಿಗೆಯಲ್ಲಿ ಆಳದಲ್ಲಿ ಕುಟ್ಟು, ಚಳಿಗಾಲದಲ್ಲಿ ಬಸವನಹುಳದ ಹಾಗೆ ಎಳಿ ಅಂತ ಮದುವೆಯಾದಾಗಿಂದ ಹೇಳಿಕೊಟ್ಟೆ. ಮರಕ್ಕೆ ನೇತುಹಾಕು ಅಂತ ಯಾವ ಕಾಲಕ್ಕೆ ಹೇಳಿದ್ದೆ ಮಾರಾಯಾ?

ಇಬ್ಬರೂ ಕೆಸರು ತುಳಿಯುತ್ತ ಮರದ ಹತ್ತಿರ ಬಂದರು. ಮಾನದ ಜೊತೆ ಮಾಲಾದರೂ ಹೋಗದಿರಲೆಂದು ವೆಸ್ಲಿ ಒಂದೊಂದೇ ಜಿಗ್ ಬಿಡಿಸತೊಡಗಿದ. ಒಂದರ ಮೇಲೆ ಕೈ ನಿಂತಿತು. ಅದಕ್ಕೆ ರಬ್ಬರಿನ ಲಂಗವಿರಲಿಲ್ಲ. ಅಳಿಲಿನ ಬಾಲದ ಕೂದಲಿತ್ತು, ಕುತ್ತಿಗೆಗೆ ಕೆಂಪು ದಾರ. ಪಕ್ಕದ ಕೊಂಬೆಯಲ್ಲಿ ಅಂಥವೇ ಇನ್ನೆರಡು. ಇಂಥದ್ದನ್ನು ಕೈಯಾರೆ ಕಟ್ಟುವವನು ಊರಿಗೆಲ್ಲ ಒಬ್ಬನೇ.

ವೆಸ್ಲಿ: ಮಾವಾ, ಇದು ಅಳಿಲು ಬಾಲದ್ದು.

ಎಲ್ಬರ್ಟ್: ಅಳಿಲು ಮರ ಹತ್ತೋದು ಸಹಜ ಕಣಯ್ಯಾ.

ವೆಸ್ಲಿ: ನೀರೊಳಗೆ? ಮೂರು ಅಳಿಲು? ಮೂರೂ ನಿಮ್ಮ ಕೆಂಪು ದಾರ ಸುತ್ತಿಕೊಂಡು?

ಮುದುಕ ಆಕಾಶ ನೋಡಿದ, ತನ್ನ ಬೂಟು ನೋಡಿದ.

ಎಲ್ಬರ್ಟ್: ನೀನು ಮರ ಇಳಿಸೋದು ದೂರದಿಂದ ನೋಡಿದ್ದೆ. ಯಾರಾದ್ರೂ ಜಾಗ ಕದ್ದುಬಿಟ್ಟಾರು ಅಂತ ಕಾವಲಿಗೆ ಬರ್ತಿದ್ದೆ. ಮಂಗಳವಾರ. ನೀನು ಕಾರ್ಖಾನೆಯಲ್ಲಿ ಇರ್ತಿದ್ದೆಯಲ್ಲ.

ವೆಸ್ಲಿ: ಕಾವಲಿಗೆ ಗಾಳ ಯಾಕೆ?

ಎಲ್ಬರ್ಟ್: ಬರಿಗೈಲಿ ಯಾರಾದ್ರೂ ಕಾವಲು ಕಾಯ್ತಾರಾ?

ವೆಸ್ಲಿ: ಆಗಸ್ಟ್‌ನಲ್ಲಿ ಮೀನು ಹಿಡಿಯೋರ ಕ್ಲಬ್ಬಿನಲ್ಲಿ ಮೆರೆಸಿದ್ರಲ್ಲ, ಏಳು ಪೌಂಡಿನ ಮೀನು? ಹಳೇ ಸೇತುವೆ ಹತ್ತಿರ ಸಿಕ್ತು ಅಂದಿದ್ರಿ!

ಎಲ್ಬರ್ಟ್: ಸೇತುವೆ ಇಲ್ಲಿಂದ ಕಾಣ್ಸುತ್ತಪ್ಪಾ.

ವೆಸ್ಲಿ: ಪ್ರತಿ ಶನಿವಾರ ಇಲ್ಲೇ ಕೂತು ಒಂದು ಮೀನೂ ಸಿಗದೆ, ನನ್ನ ಕೈಗುಣವೇ ಸರಿಯಿಲ್ಲ ಅಂತ ಕೊರಗಿದೀನಿ ಮಾವಾ!

ಎಲ್ಬರ್ಟ್: ಕೈಗುಣ ಸರಿಯಿಲ್ಲ ಅನ್ನೋದೂ ನಿಜವೇ. ಅದು ಬೇರೆ ವಿಷಯ.

ಕೊಂಬೆಯಿಂದ ಬಿಡಿಸಹೊರಟಿದ್ದ ಅಳಿಲು ಬಾಲವನ್ನು ವೆಸ್ಲಿ ಜೋಪಾನವಾಗಿ ಅಲ್ಲೇ ಬಿಟ್ಟು, ಜೇಬಿನಿಂದ ಫೋನು ತೆಗೆದ.

ವೆಸ್ಲಿ: ಒಂದು ಫೋಟೋ ತೆಗೀತೀನಿ. ಕ್ಲಬ್ಬಿನವರೂ ನೋಡಿ ಸಂತೋಷ ಪಡಲಿ.

ಎಲ್ಬರ್ಟ್: ತಡಿ, ತಡಿ. ಪಾಪ, ಹಲ್ಲಿನ ಡಾಕ್ಟರಿಗೆ ಏಪ್ರಿಲ್‌ನಲ್ಲಿ ಉಸಿರಾಡೋಕೂ ಬಿಡುವಿರಲ್ಲ. ಮಧ್ಯಾಹ್ನವೇ ಹೋಗಿ ಸ್ಪರ್ಧೆಗೆ ನಿನ್ನ ಹೆಸರು ಬರೆಸ್ತೀನಿ.

ವೆಸ್ಲಿ ಫೋನು ಜೇಬಿಗಿಳಿಸಿದ. ಮೂರೂ ಅಳಿಲು ಬಾಲಗಳನ್ನು ಬಿಡಿಸಿ, ತಾಂಬೂಲ ಕೊಟ್ಟಷ್ಟು ವಿನಯದಿಂದ ಮಾವನ ಕೈಗಿಟ್ಟ.

ಎಲ್ಬರ್ಟ್: ಆದ್ರೆ ಒಂದು ಮಾತು. ಮುಂದಿನ ಮರ ಇಪ್ಪತ್ತಡಿ ಆಳಕ್ಕೆ ಇಳಿಸು.

ವೆಸ್ಲಿ: ಯಾಕೆ ಮಾವಾ?

ಎಲ್ಬರ್ಟ್: ಚಳಿಗಾಲದಲ್ಲೂ ಮಂಗಳವಾರ ಬರುತ್ತಲ್ಲಪ್ಪಾ!