ಗಾಲ್ಫ್ ಕೋಲಿಗೆ ಸುತ್ತಿದ ಚೇಲೆ

ಕಾಯಿಲೆಗಳಲ್ಲಿ ಮರ್ಯಾದೆಯುಳ್ಳವು, ಮರ್ಯಾದೆಯಿಲ್ಲದವು ಎಂದು ಎರಡು ಬಗೆ. ಎದೆನೋವೆಂದರೆ ನೆಂಟರು ಕಿತ್ತಳೆಹಣ್ಣು ಹಿಡಿದು ಬರುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಕೀಲುನೋವೆಂದರೆ ಬರಿಗೈಯಲ್ಲಿ ಬಂದು, ಯಾವುದೋ ಎಣ್ಣೆಯ ಹೆಸರು ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ನನಗೆ ಬಂದಿರುವುದು ಈ ಎರಡನೆಯದು, ಅದೂ ಎರಡು ಕೈಯ ಬೆರಳುಗಳಿಗೆ. ಬೆಳಿಗ್ಗೆ ಎದ್ದ ಕೂಡಲೇ ಅವನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ಅದ್ದಿಡದಿದ್ದರೆ ಅವು ನನ್ನ ಮಾತು ಕೇಳುವುದಿಲ್ಲ.

ಇಂಥ ಕೈಯವನಿಗೆ ಗಾಲ್ಫ್ ಹುಚ್ಚು ಯಾಕೆ ಎಂದು ನೀವು ಕೇಳಬಹುದು. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಇಪ್ಪತ್ತಾರು ವರ್ಷ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ದೊರೆಗಳು ಕ್ಲಬ್ಬಿನ ಹುಲ್ಲಿನ ಮೇಲೆ ಆಡುವುದನ್ನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ರುಜು ಬೇಕಾದ ಕಾಗದ ಹಿಡಿದು ಅವರು ಚೆಂಡನ್ನು ಕಡೆಯ, ಅಂದರೆ ಒಂಬತ್ತನೆಯ ಕುಳಿಗೆ ಬೀಳಿಸಿ ಮುಗಿಸುವವರೆಗೂ ಕಾದದ್ದುಂಟು. ಸ್ವಾತಂತ್ರ್ಯ ಬಂತು. ನಮ್ಮ ಕೊಡಗೂ ಇಬ್ಬರೇ ಮಂತ್ರಿಗಳ ಪುಟ್ಟ ರಾಜ್ಯವಾಯಿತು. ನನ್ನ ದೊರೆ ತೋಟ ಮಾರಿ ಹಡಗು ಹತ್ತಿದರು. ಹೋಗುವಾಗ ತಮ್ಮ ಗಾಲ್ಫ್ ಕೋಲುಗಳ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಆಡುವವರು ಕಮ್ಮಿಯಾದದ್ದರಿಂದ ಕ್ಲಬ್ಬಿನವರೂ ನನ್ನಂಥವರಿಗೆ ಬಾಗಿಲು ತೆರೆದರು. ಅವರು ಬಾಗಿಲು ತೆರೆದ ವರ್ಷವೇ ನನ್ನ ಬೆರಳುಗಳು ಬಿಗಿಯತೊಡಗಿದವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನನ್ನ ಜೊತೆ ಆಡುವವನು ಪಿಂಚಣಿ ಪಡೆದ ಸುಬೇದಾರ್ ಮುತ್ತಪ್ಪ. ಒಂದು ಶನಿವಾರ ನಾನು ಬೀಸಿದ ಕೋಲು ಕೈಯಿಂದ ಜಾರಿ, ಚೆಂಡು ಇದ್ದಲ್ಲೇ ಇದ್ದು, ಕೋಲು ಅವನ ಕಾಲ ಬಳಿ ಬಿತ್ತು. "ಎಂಥ ಮಾರಾಯ, ಯುದ್ಧದಲ್ಲಿ ಶತ್ರುಗಳು ಕೂಡ ನನ್ನ ಮೇಲೆ ಕೋಲು ಎಸೆಯಲಿಲ್ಲ" ಎಂದು ನಕ್ಕ. ಆಮೇಲೆ ನನ್ನ ಕೈ ಹಿಡಿದು ನೋಡಿ ನಗು ನಿಲ್ಲಿಸಿದ. ನೋವಿಗಿಂತ ಹೆಚ್ಚು ನೋಯಿಸಿದ್ದು ಅದು. "ಕೋಲಿನ ಹಿಡಿ ದಪ್ಪ ಮಾಡು. ಸಪೂರ ಇದ್ದರೆ ಬೆರಳು ಪೂರ್ತಿ ಮಡಚಬೇಕು, ದಪ್ಪ ಇದ್ದರೆ ಅರ್ಧ ಸಾಕು" ಎಂದ.

ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಗಾಲ್ಫ್ ಬಿಟ್ಟರೆ ಲೋಕವೇನೂ ಮುಳುಗುವುದಿಲ್ಲ. ಆದರೆ ಇವತ್ತು ಕೋಲು ಬಿಟ್ಟ ಕೈ ನಾಳೆ ತುತ್ತನ್ನೂ ಬಿಡುತ್ತದೆ. ನನ್ನ ಅಪ್ಪನಿಗೂ ಇದೇ ಕಾಯಿಲೆ. ಕೊನೆಯ ನಾಲ್ಕು ವರ್ಷ ಅವ್ವ ತುತ್ತು ಮಾಡಿ ಉಣಿಸುತ್ತಿದ್ದಳು. ಬಾಯಿ ತೆರೆಯುವ ಮೊದಲು ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಶನಿವಾರ ಒಂಬತ್ತೂ ಕುಳಿ ಆಡಿ ಮುಗಿಸಿದರೆ ಆ ವಾರದ ಊಟ ನನ್ನ ಕೈಯಿಂದಲೇ ಎಂದು ನಾನು ನಂಬಿಕೊಂಡಿದ್ದೆ.

ಹಿಡಿಗೆ ಗೋಣಿ ಸುತ್ತಿದೆ, ಅಂಗೈ ಕಿತ್ತುಹೋಯಿತು. ಹಳೇ ಪಂಚೆ ಸುತ್ತಿದೆ, ಬೆವರಿಗೆ ಜಾರಿತು. ಕಡೆಗೆ ಕಣ್ಣು ಬಿದ್ದದ್ದು ಮನೆಯ ಬಟ್ಟೆಪೆಟ್ಟಿಗೆಯ ಮೇಲೆ. ನಮ್ಮ ಕೊಡವರಲ್ಲಿ ಗಂಡಸಿಗೆ ಕುಪ್ಯವೆಂಬ ನಿಲುವಂಗಿಯನ್ನು ಬಿಳಿಯದಾಗಿ ತೊಡಿಸುವುದು ಎರಡೇ ಸಲ, ಮದುಮಗನಾದಾಗ ಮತ್ತು ಹೆಣವಾದಾಗ. ಮೊದಲನೆಯದು ಆಗಿಹೋಗಿತ್ತು. ಎರಡನೆಯದಕ್ಕೆಂದು ನನ್ನ ಹೆಂಡತಿ ಬೋಜಮ್ಮ ಆ ಕುಪ್ಯವನ್ನೂ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಕೆಂಪು ರೇಷ್ಮೆಯ ಚೇಲೆಯನ್ನೂ ಕರಿಮೆಣಸು ಹಾಕಿ ಮಡಿಸಿಟ್ಟಿದ್ದಳು. ಪ್ರತಿ ವರ್ಷ ಮಳೆ ಕಳೆದ ಮೇಲೆ ಬಿಸಿಲಿಗೆ ಹರವುವಾಗ ಕುಪ್ಯವನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು, ಅಳತೆ ಸರಿಯಿದೆಯೇ ಎಂದಿರಬೇಕು. ಹೆಣಕ್ಕೆ ಅಷ್ಟುದ್ದದ ಚೇಲೆ ಯಾಕೆ ಎಂದುಕೊಂಡು ನಾನು ಅರ್ಧ ಹರಿದುಕೊಂಡೆ. ಕತ್ತರಿ ಹಿಡಿಯಲು ಬೆರಳು ಒಪ್ಪಲಿಲ್ಲ. ಅದನ್ನು ಕೋಲಿನ ಹಿಡಿಗೆ ಸುತ್ತಿ ಮೂರು ಶನಿವಾರ ಹಾಯಾಗಿ ಆಡಿದೆ.

ನಾಲ್ಕನೆಯ ವಾರ ಬಿಸಿಲು ಬಂತು, ಪೆಟ್ಟಿಗೆ ಅಂಗಳಕ್ಕೆ ಬಂತು. ಬೋಜಮ್ಮ ಅರ್ಧ ಚೇಲೆ ಹಿಡಿದು ನಿಂತಳು. ಇಲಿಯ ಮೇಲೆ ಹಾಕೋಣವೆಂದರೆ ಗೋಡೆಗೊರಗಿದ್ದ ಕೋಲಿನ ಹಿಡಿ ಕೆಂಪಗೆ ಕಾಣುತ್ತಿತ್ತು. ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ.

"ಆಯ್ತು. ಇನ್ನು ನೀವು ಸಾಯುವ ಹಾಗಿಲ್ಲ. ಸೊಂಟಕ್ಕೆ ಕಟ್ಟಲಿಕ್ಕೆ ಎಂಥ ಉಂಟು?" ಎಂದವಳೇ ಉಳಿದ ತುಂಡನ್ನು ಹಿಡಿದು ಒಳಗೆ ಹೋದಳು.

ಸಾಯಲು ಅಪ್ಪಣೆಯಿಲ್ಲವೆಂಬ ಧೈರ್ಯದಲ್ಲಿ ಆ ಶನಿವಾರವೂ ಒಂಬತ್ತು ಕುಳಿ ಆಡಿದೆ. ಎಂಬತ್ತಮೂರು ಏಟು ಬೇಕಾಯಿತು. ಮನೆಗೆ ಬಂದು ಊಟಕ್ಕೆ ಕೂತು ಅನ್ನ ಕಲಸಲು ಹೋದರೆ ಒಂದು ಬೆರಳೂ ಮಡಚಲಿಲ್ಲ. ಮೊದಲ ತುತ್ತು ಎಲೆಗೇ ಉದುರಿತು, ಎರಡನೆಯದು ಮಡಿಲಿಗೆ ಬಿತ್ತು. ಬೋಜಮ್ಮ ಎದ್ದು ಬಂದಳು. ಉಣಿಸುತ್ತಾಳೆಂದು ನಾನು ಅಪ್ಪನ ಹಾಗೆ ಕಣ್ಣು ಮುಚ್ಚಿದೆ. ಕೈಗೆ ದಪ್ಪನೆಯದೇನೋ ತಗುಲಿತು. ನೋಡಿದರೆ ಚಮಚ, ಅದರ ಹಿಡಿಗೆ ಬಿಗಿಯಾಗಿ ಸುತ್ತಿ ಹೊಲಿದ ಕೆಂಪು ರೇಷ್ಮೆ. "ಉಣ್ಣಿ" ಎಂದು ಅವಳು ಮುಖ ಆಚೆ ತಿರುಗಿಸಿದಳು.

ನನಗೆ ಅಳು ಬಂತು, ಹಸಿವೂ ಇತ್ತು. ಒಂಬತ್ತು ಕುಳಿಗೆ ಎಂಬತ್ತಮೂರು ಏಟು ತೆಗೆದುಕೊಂಡವನು ಹತ್ತನೆಯದನ್ನು, ಅಂದರೆ ನನ್ನ ಬಾಯನ್ನು, ಒಂದೇ ಏಟಿಗೆ ಮುಟ್ಟಿದೆ. ಒಂದೇ ಏಟಿಗೆ ಕುಳಿ ಸೇರಿದರೆ ಅದನ್ನು ಕ್ಲಬ್ಬಿನ ಪುಸ್ತಕದಲ್ಲಿ ಬರೆಸಬಹುದು, ಆದರೆ ಸಾಕ್ಷಿ ಬೇಕು. ನನಗಿದ್ದ ಒಬ್ಬಳೇ ಸಾಕ್ಷಿ ಆಚೆ ನೋಡುತ್ತಿದ್ದಳು.