ಅವ್ವನ ಮಂಚದ ಗಿಟಾರು

"ಸಿರಸಿ ಪ್ಯಾಟ್ಯಾಗ ಗೇಟು ಮಾಡೋರು ಓಣಿಗೊಬ್ಬರು ಅದಾರ. ಗಿಟಾರು ಮಾಡಾಂವ ಒಬ್ಬನ ಒಬ್ಬ! ಯಾರು? ಈ ರವೀಂದ್ರ!"

ಹೀಗೆ ಎದೆ ತಟ್ಟಿಕೊಂಡು ಸಾರುವಾಗ ರವೀಂದ್ರನ ಕೈಯಲ್ಲಿ ಗಿಟಾರಿರಲಿಲ್ಲ, ಹಲಸಿನ ತೊಳೆಯಿತ್ತು. ಎದುರಿಗೆ ಹೆಂಡತಿ ಮಹೇಶ್ವರಿ ಅಂಗೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸುತ್ತಿದ್ದಳು. ಬನವಾಸಿ ರಸ್ತೆಯಲ್ಲಿ ಮುಂದೆ ವೆಲ್ಡಿಂಗ್ ಅಂಗಡಿ, ಹಿಂದೆ ಮನೆ. ಮುಂದೆ ಕಬ್ಬಿಣ ಕಾಯುತ್ತಿದ್ದರೆ ಹಿಂದೆ ಮಹೇಶ್ವರಿ ಕಾಯುತ್ತಿದ್ದಳು. ಎರಡರ ಕಾವೂ ರವೀಂದ್ರನಿಗೆ ರೂಢಿಯಾಗಿತ್ತು.

"ಗಿಟಾರು ಬಾರಸಾಕ ಬರತೈತೇನ್ರಿ ನಿಮಗ?"

"ಇದು ಬ್ಯಾರೆ ಜಾತೀದು. ತೊಡಿ ಮ್ಯಾಲೆ ಮಲಗಿಸ್ಕೊಂಡು ಬಾರಸೋದು. ಬಲಗೈಲೆ ಮೀಟೋದು, ಎಡಗೈಯಾಗ ಉಕ್ಕಿನ ತುಂಡು ಹಿಡದು ತಂತಿ ಮ್ಯಾಲೆ ಜಾರಸೋದು. ಥೇಟ್ ಮನಷ್ಯಾರು ಅತ್ತಂಗ ಕೇಳತೈತಿ!"

"ಅಳೂದ ಕೇಳಾಕ ಇಷ್ಟ ಕಷ್ಟಾ ಯಾಕ್ರಿ? ನನಗ ಹೇಳಿದ್ರ ಪುಕಟ ಅಳತಿದ್ದೆ!"

ಜಂಬದ ಕೆಳಗೆ ಬೇರೆ ಸಂಗತಿಯಿತ್ತು. ರವೀಂದ್ರನ ತಾಯಿ ಮುರಿಗೆವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬೀಸುಕಲ್ಲಿನ ಪದ ಹಾಡುತ್ತಲೇ ಮುದುಕಿಯಾದವಳು. ಮಗನ ಫೋನಿನಲ್ಲಿ ಮನೆಯ ಬೆಕ್ಕಿನ ವಿಡಿಯೋ ರಾಶಿ ಬಿದ್ದಿದ್ದವು, ಅವ್ವನ ದನಿ ಮಾತ್ರ ಒಂದು ಚೂರೂ ಇರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಅವಳ ಎಳೆತ ಹಾರ್ಮೋನಿಯಂನಲ್ಲಿ ಬರುವಂಥದ್ದಲ್ಲ. ತೊಡೆಯ ಮೇಲಿನ ಈ ಗಿಟಾರಿನಲ್ಲಿ ಬಂದೀತು ಎಂದು ಅವನಿಗೆ ಹೊಳೆದಿತ್ತು. ವರ್ಷದ ಪುಣ್ಯಸ್ಮರಣೆಗೆ ನೆಂಟರೆಲ್ಲ ಸೇರುತ್ತಾರೆ. ಆ ದಿನ ಅವ್ವನ ಪದ ನುಡಿಸಬೇಕು, ಒಂದು ಸಲ ಅವ್ವನ ದನಿ ಮತ್ತೆ ಕೇಳಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಆದರೆ ಗಂಡಸು ಇಂಥದ್ದನ್ನು ಬಾಯಿಬಿಟ್ಟು ಹೇಳುವುದುಂಟೆ? ಅದಕ್ಕೇ ಜಂಬ ಕೊಚ್ಚಿದ.

ಗಿಟಾರಿನ ಮೈಗೆ ಕಬ್ಬಿಣ ಬೇಕಲ್ಲ? ಅಂಗಡಿ ತುಂಬ ಹೊಸ ಪೈಪು ಬಿದ್ದಿದ್ದರೂ ರವೀಂದ್ರನ ಕಣ್ಣು ಹೋದದ್ದು ಅವ್ವನ ಮಂಚದ ಮೇಲೆ. ಕಡೆಗಾಲದಲ್ಲಿ ಅವಳು ನಡುಮನೆಯಲ್ಲಿ ಮಲಗುತ್ತಿದ್ದ ಕಬ್ಬಿಣದ ಮಂಚ. ತಲೆಯ ಕಡೆಯ ತಗಡಿನಲ್ಲಿ ಹಸಿರು ಗಿಳಿಯ ಚಿತ್ರ.

"ಅತ್ತಿ ಮಲಗಿದ್ದ ಮಂಚಾ ಕೊಯ್ತೀರಿ? ಕೈ ಬರತಾವೇನ್ರಿ ನಿಮಗ?" ಮಹೇಶ್ವರಿ ಕಣ್ಣಲ್ಲಿ ನೀರು ತಂದುಕೊಂಡಳು.

"ಹುಚ್ಚಿ, ಅವ್ವನ ಮಂಚ ಈಗ ರಂಗಮಂಚ ಹತ್ತತೈತಿ!"

ಗ್ರೈಂಡರ್ ತಾಗಿದ ಕೂಡಲೇ ಮಂಚ ಕೂಗಿಕೊಂಡಿತು. ಕೊಯ್ಯುವಾಗ ಕಬ್ಬಿಣ ಕೂಗುವುದು ಹೊಸದೇನಲ್ಲ. ಆದರೆ ಇದು ಗ್ರೈಂಡರ್ ನಿಲ್ಲಿಸಿದ ಮೇಲೂ ಒಂದು ಗಳಿಗೆ ಮುಲುಕುತ್ತಲೇ ಇತ್ತು. ರವೀಂದ್ರ ಆಚೀಚೆ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಂಚದ ಕಾಲಿಗೆ ಕೈ ಮುಗಿದ.

ಪಕ್ಕದ ಮನೆಯ ಅತೀಕ್ ಮೋಟಾರು ಸುತ್ತುವವನು, ಮದುವೆ-ಮುಂಜಿಗೆ ಮೈಕ್ ಸೆಟ್ಟನ್ನೂ ಕೊಡುವವನು. ತಂತಿಯ ದನಿ ಹಿಡಿಯಲು ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿಕೊಟ್ಟವನು ಅವನೇ. ಕೊಟ್ಟವನು ಯಲ್ಲಾಪುರದ ಮದುವೆಗೆ ಹೊರಟು ನಿಂತ ಟೆಂಪೋ ಹತ್ತುತ್ತ ಕೂಗಿದ: "ರವೀಂದ್ರಣ್ಣಾ, ಇದನ್ನ ಮೇಣದಲ್ಲಿ ಅದ್ದಿ ತೆಗಿ! ಮೇಣ ಕುಡಿಸದಿದ್ರೆ ಗಿಟಾರು ಮಾತಾಡ್ತದೆ ನೋಡು ಮತ್ತೆ!"

ಮೇಣಕ್ಕೇನು ಬರ? ಹಲಸಿನ ಕಾಲ. ಕತ್ತಿಯಲ್ಲಿ ಮೇಣ, ಬಾಗಿಲ ಚಿಲಕದಲ್ಲಿ ಮೇಣ, ರವೀಂದ್ರನ ಮೀಸೆಯಲ್ಲೂ ಮೇಣ! ಮಹೇಶ್ವರಿ ಕಡ್ಡಿಗೆ ಸುತ್ತಿ ಎತ್ತಿಟ್ಟ ಹಲಸಿನ ಮೇಣದ ಮುದ್ದೆಯನ್ನೇ ಬಿಸಿ ಮಾಡಿ ಕಾಯಿಲ್ಲಿನ ಸುತ್ತ ಮೆತ್ತಿದ. ಅದು ಬೆರಳಿಗೆ ಅಂಟಿದಷ್ಟು ಕಾಯಿಲ್ಲಿಗೆ ಅಂಟಲಿಲ್ಲ. ಇರಲಿ, ಮೇಣ ಅಂದಮೇಲೆ ಮೇಣ!

ಗಿಟಾರು ಸಿದ್ಧವಾಯಿತು. ಮಂಚದ ಪಟ್ಟಿಯೇ ಮೈ, ಗಿಳಿಯ ತಗಡೇ ಮುಖ, ನಟ್ಟು ಬೋಲ್ಟುಗಳೇ ಕಿವಿ. ಕಾಯಿಲ್ ಕೂತದ್ದು ಸರಿಯಾಗಿ ಗಿಳಿಯ ಕೊಕ್ಕಿನ ಹತ್ತಿರ. ಅಂಗಡಿಯ ಕಬ್ಬಿಣದ ಧೂಳು ಬೇಡವೆಂದು ಅದನ್ನು ನಡುಮನೆಯಲ್ಲಿ, ಮಂಚವಿದ್ದ ಜಾಗದ ಗೋಡೆಗೇ ತೂಗುಹಾಕಿದ. ಅಲ್ಲಿಂದ ಉದ್ದನೆಯ ವೈರು ಕಿಟಕಿ ದಾಟಿ ಅಂಗಡಿಗೆ ಬಂದು ಅತೀಕನ ಹಳೇ ಆಂಪ್ಲಿಫೈಯರ್ ಸೇರುತ್ತಿತ್ತು. ಅದಕ್ಕೆ ಸ್ವಿಚ್ಚೇ ಇರಲಿಲ್ಲ. ಅಂಗಡಿಗೆ ಕರೆಂಟು ಕೊಟ್ಟರೆ ತಾನೂ ಎಚ್ಚರಾಗುತ್ತಿತ್ತು.

ತೂಗುಹಾಕಿದ ದಿನವೇ, ದೀಪ ಹಚ್ಚುವ ಹೊತ್ತು. ರವೀಂದ್ರ ಅಂಗಡಿಯಲ್ಲಿ ಒಬ್ಬನೇ ಸಾಮಾನು ಎತ್ತಿಡುತ್ತಿದ್ದ. ಸ್ಪೀಕರ್ ಗುಂಯ್ ಅಂದಿತು. ಆಮೇಲೆ ಆ ಗುಂಯ್‌ ಸದ್ದಿನೊಳಗಿಂದ, ಬಾವಿಯ ತಳದಿಂದ ಕರೆದ ಹಾಗೆ, ಹೆಣ್ಣು ದನಿಯೊಂದು ಎದ್ದು ಬಂತು.

"ರವ್ಯಾ... ಬಾಗಲಾ ಹಾಕ್ಯೋ... ಬೆಕ್ಕ ಬರತೈತಿ..."

ಕೈಯಲ್ಲಿದ್ದ ಸುತ್ತಿಗೆ ಕಾಲ ಮೇಲೆ ಬಿತ್ತು. ನೋವಾಗಿದ್ದು ಗೊತ್ತೇ ಆಗಲಿಲ್ಲ. ಅವನನ್ನು 'ರವ್ಯಾ' ಎಂದು ಕರೆಯುತ್ತಿದ್ದ ಜೀವ ಈ ಭೂಮಿಯ ಮೇಲೆ ಒಂದೇ ಇತ್ತು, ಅದನ್ನು ಹೋದ ವರ್ಷ ಅವನೇ ಮಣ್ಣು ಮಾಡಿ ಬಂದಿದ್ದ. ಒಳಗೆ ಓಡಿದ. ನಡುಮನೆಯಲ್ಲಿ ನರಪಿಳ್ಳೆಯಿಲ್ಲ, ಅಡುಗೆಮನೆಯಲ್ಲೂ ಇಲ್ಲ. ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಬೆಕ್ಕು ಹಾಲಿನ ಪಾತ್ರೆಯಲ್ಲಿ ತಲೆಯಿಟ್ಟಿತ್ತು. ಗೋಡೆಯ ಮೇಲೆ ಗಿಟಾರಿನ ಒಂದು ತಂತಿ ಇನ್ನೂ ಸಣ್ಣಗೆ ನಡುಗುತ್ತಿತ್ತು.

ಹೆಂಡತಿ ಹೆದರಿಯಾಳೆಂದು ರವೀಂದ್ರ ಅವಳಿಗೆ ಹೇಳಲಿಲ್ಲ. ತಾನು ಹೆದರಿದ್ದನ್ನಂತೂ ತನಗೂ ಹೇಳಿಕೊಳ್ಳಲಿಲ್ಲ!

ಮರುದಿನ ಬೆಳಿಗ್ಗೆ ಸ್ಪೀಕರ್ ಮತ್ತೆ ಬಾಯಿಬಿಟ್ಟಿತು. ಈ ಸಲ ದನಿ ತುಂಡುತುಂಡಾಗಿತ್ತು.

"...ತ್ತೀ... ಮಗ... ಬಚ್ಚಲದ ನಳಾ ಸೋರತೈತಿ... ಕಣ್ಣಿಗೆ ಕಾಣವಲ್ದು..."

ಮಗ! ರವೀಂದ್ರ ಹಿಡಿದ ಕೆಲಸ ಬಿಟ್ಟು ಬಚ್ಚಲಿಗೆ ನುಗ್ಗಿ, ಮಳೆಗಾಲದಿಂದ ಸೋರುತ್ತಿದ್ದ ನಳವನ್ನು ಬಿಗಿದು ಬಂದ. ಮಹೇಶ್ವರಿ ಬಾಯಿಗೆ ಸೆರಗು ಹಿಡಿದು ನೋಡಿದಳು. ಅದರ ಮರುದಿನ, "...ಮಗ... ಅಟ್ಟದ ಮ್ಯಾಲಿನ ಹಂಚು..." ಎಂದಿತು. ಹಂಚು ಬದಲಾಯಿತು. "...ಮಗ... ಇಸ್ಪೀಟು..." ಎಂದಿತು. ಎಲೆಗಳು ಬಚ್ಚಲ ಒಲೆ ಸೇರಿದವು. ಬೇಡಿಕೊಂಡದ್ದು ಹಾಡು, ಬಂದದ್ದು ಹುಕುಂ! ಮಂಚ ಕೊಯ್ದ ಸಿಟ್ಟು ಅವ್ವನಿಗೆ ಇನ್ನೂ ಇಳಿದಿಲ್ಲವೆಂದು ರವೀಂದ್ರ ಬೆವರಿದ. ಬದುಕಿದ್ದಾಗ ಅವ್ವ ಹತ್ತು ಹೇಳಿದರೆ ಒಂದು ಮಾಡುತ್ತಿದ್ದ. ಸತ್ತ ಅವ್ವನಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ?

ಒಂದು ಸಂಜೆ ಗಿಟಾರಿನ ಹತ್ತಿರ ಹೋದವನು ಎರಡು ಹೆಜ್ಜೆ ಹಿಂದೆ ಸರಿದ. ಗಿಳಿಯ ಹಣೆಯ ಮೇಲೆ ವಿಭೂತಿ! ಮೂರು ಬೆರಳಿನ ಗುರುತು ಸ್ಪಷ್ಟವಾಗಿತ್ತು. ಕೊಕ್ಕಿನ ಕೆಳಗೆ ಹಸಿಯಾದ ಚೆಂಡುಹೂ. "ತಾನಾಗೇ ಬಂದೈತಿ," ಎಂದು ಅವನ ತುಟಿ ತಾನಾಗೇ ಅಂದಿತು. ಗಿಟಾರನ್ನು ಗೋಡೆಯಿಂದ ಇಳಿಸಿ ನುಡಿಸುವ ಧೈರ್ಯವೂ ಅಲ್ಲಿಗೆ ಮುಗಿಯಿತು. ಪುಣ್ಯಸ್ಮರಣೆ ಹತ್ತಿರ ಬಂದಿತ್ತು, ಅವ್ವನ ಪದದ ಒಂದು ಸಾಲೂ ಕೈಗೆ ಕೂತಿರಲಿಲ್ಲ.

ಕಡೆಗೆ ಅತೀಕನನ್ನು ಅಂಗಡಿಗೆ ಕರೆದು, ಶಟರ್ ಅರ್ಧ ಎಳೆದು, ಎಲ್ಲ ಹೇಳಿದ. ಅತೀಕ್ ನಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸ್ಪೀಕರ್ ಗುಂಯ್ ಅಂದಿತು. ತೆರೆದ ಬಾಯಿ ಹಾಗೇ ಉಳಿಯಿತು.

"...ಅಮ್ಮಾ... ಇನೋ ಘರ್ ಕು ಆತೇಚ್ ನೈ..."

ರವೀಂದ್ರ ಅತೀಕನ ತೋಳು ಹಿಡಿದುಕೊಂಡ. "ಅತೀಕಾ... ಅವ್ವ ಸತ್ತ ಮ್ಯಾಲೆ ಉರ್ದು ಕಲ್ತಾಳೋ!"

ದನಿ ನಿಲ್ಲಲಿಲ್ಲ. "...ಮನೆಗೇ ಬರೋದಿಲ್ಲ ಇವರು... ಹಗಲಿಡೀ ಆ ರವೀಂದ್ರಣ್ಣನ ಅಂಗಡಿಯಲ್ಲೇ ಬಿದ್ದಿರ್ತಾರೆ... ಊರಿನ ಮೋಟಾರೆಲ್ಲ ಸುತ್ತುತಾರೆ, ನಮ್ಮ ಮನೆ ಫ್ಯಾನು ಮಾತ್ರ ಸುತ್ತೋದಿಲ್ಲ... ನೀವಾದ್ರೂ ಬುದ್ಧಿ ಹೇಳಿ ಅಮ್ಮಾ..."

ಅತೀಕನ ಮುಖ ಹುಣಸೆಹಣ್ಣಾಯಿತು. "ಅರೆ! ಅವ್ವ ಅಲ್ಲ ಮಾರಾಯಾ! ಇದು ನಮ್ಮ ಶರೀಫಾ!"

ಇಬ್ಬರೂ ಬೆಕ್ಕಿನ ಹೆಜ್ಜೆಯಿಡುತ್ತ ಹೋಗಿ ಕಿಟಕಿಯಲ್ಲಿ ಇಣುಕಿದರು. ನಡುಮನೆಯಲ್ಲಿ ಅತೀಕನ ಹೆಂಡತಿ ಶರೀಫಾ ಗಿಟಾರಿನ ಗಿಳಿಗೆ ಬಾಯಿ ಹಚ್ಚಿ ಗುಟ್ಟು ಹೇಳುತ್ತಿದ್ದಳು. ಪಕ್ಕದಲ್ಲಿ ವಿಭೂತಿಯ ಗಟ್ಟಿ ಹಿಡಿದ ಮಹೇಶ್ವರಿ ಧೈರ್ಯ ತುಂಬುತ್ತಿದ್ದಳು: "ಹೇಳ್ರಿ ಶರೀಫಾ, ಅಂಜಬ್ಯಾಡ್ರಿ. ನಮ್ಮ ಅತ್ತಿ ಬಾಳ ಸತ್ಯುಳ್ಳಾಕಿ. ನಾ ಬೆಳಿಗ್ಗಿ ಬೇಡಿಕೊಂಡಿದ್ದು ಮಧ್ಯಾಹ್ನದಾಗ ಆಗಿಬಿಡತೈತಿ. ಇಸ್ಪೀಟು ಬಿಡಿಸ್ಯಾಳಂದ್ರ ತಿಳಕೊಳ್ರಿ!"

ಅತೀಕ್ ಆಮೇಲೆ ಗಿಟಾರು ಇಳಿಸಿ ಕಾಯಿಲ್ ಮುಟ್ಟಿ ನೋಡಿದ. ಬೆರಳು ಅಲ್ಲೇ ಅಂಟಿಕೊಂಡಿತು.

"ಇದೆಂತ ಮೇಣ ಇದು?"

"ಹಲಸಿನ ಮ್ಯಾಣ."

"ಯಾ ಖುದಾ! ಮೇಣದಬತ್ತಿಯ ಮೇಣ ಮಾರಾಯಾ! ಕರಗಿಸಿ ಅದ್ದಿದ್ರೆ ಸುತ್ತೆಲ್ಲ ಗಟ್ಟಿ ಹಿಡ್ಕೊಳ್ತಿತ್ತು. ಈಗ ಒಳಗೆ ಸಡಿಲ ಉಳಿದು ಕಾಯಿಲ್ಲೇ ಮೈಕ್ ಆಗ್ಬಿಟ್ಟಿದೆ. ಹತ್ತಿರ ನಿಂತು ಆಡಿದ್ದೆಲ್ಲ ಹಿಡಿತದೆ. ಮಾತಾಡ್ತದೆ ಅಂತ ನಾ ಬಡ್ಕೊಳ್ಳಲಿಲ್ವಾ!"

ಅತೀಕ್ ಬಿದ್ದು ಬಿದ್ದು ನಕ್ಕ. ರವೀಂದ್ರನೂ ನಕ್ಕ. ಆದರೆ ಅಷ್ಟು ದಿನ ಹೆದರಿಕೆಯ ಜೊತೆಗೆ ಒಂದು ಸಮಾಧಾನವೂ ಇತ್ತು: ಬೈದರೇನು, ಅವ್ವ ಮನೆಯಲ್ಲಿದ್ದಾಳೆ ಅಂತ. ಈಗ ಅದೂ ಹೋಯಿತು. ಅವ್ವ ಎರಡನೇ ಸಲ ಸತ್ತಂತೆ ಅವನಿಗೆ ದುಃಖವಾಯಿತು.

ಹೆದರಿಕೆ ಹೋದ ಮೇಲೆ ಕೈ ಓಡಿತು. ಹಲಸಿನ ಮೇಣ ಬಿಡಿಸಲು ಹೋದರೆ ತಂತಿಯೇ ಹರಿದೀತೆಂದು ಕಾಯಿಲ್ಲನ್ನು ಹಾಗೇ ಬಿಟ್ಟರು. ಪುಣ್ಯಸ್ಮರಣೆಯ ದಿನ ಅತೀಕ್ ಮನೆಯ ಮಾಡಿಗೆ ಮೈಕಿನ ಹಾರ್ನು ಕಟ್ಟಿದ. ಪ್ರಸಾದ ಮುಗಿದ ಮೇಲೆ ರವೀಂದ್ರ ಚಾಪೆಯ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡು ಜಾರಿಸಿದ. ಮೊದಲ ಸಾಲು ಗೇಟು ತೆಗೆದಂತೆ ಕಿರುಗುಟ್ಟಿತು. ಎರಡನೆಯದೂ ಅಷ್ಟೇ. ಮೂರನೆಯ ಸಾಲಿನ ಕೊನೆಯಲ್ಲಿ ಮಾತ್ರ ಅದೇನಾಯಿತೋ, ದನಿ ಮೇಲಿನಿಂದ ಕೆಳಗೆ ನಿಧಾನ ಜಾರಿ ಬಂದು, ಅವ್ವ ಉಸಿರು ಬಿಡುವಲ್ಲಿ ತಾನೂ ಉಸಿರು ಬಿಟ್ಟಿತು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹೆಂಗಸರ ಕೈ ನಿಂತವು. ಒಬ್ಬಳು ಮುದುಕಿ, "ಮುರಿಗೆವ್ವಾ!" ಎಂದು ಕಣ್ಣೊರೆಸಿಕೊಂಡಳು.

ರವೀಂದ್ರ ಮೀಸೆ ತಿರುವಬೇಕೆಂದು ಕೈಯೆತ್ತಿದ. ಅಷ್ಟರಲ್ಲಿ ಮಹೇಶ್ವರಿ ಎದ್ದು ಬಂದಳು. ನಳ, ಹಂಚು, ಇಸ್ಪೀಟಿನ ಗುಟ್ಟನ್ನೆಲ್ಲ ಅತೀಕನ ಬಾಯಿಂದ ಕೇಳಿದ ಶರೀಫಾ ಅವಳಿಗೆ ಮುಟ್ಟಿಸಿಯಾಗಿತ್ತು. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವುದು ಬಿಟ್ಟರೆ ಬರಿದೆ ಬಾಯಲ್ಲಿ ಎಂದೂ ಆಡದ ಹೆಣ್ಣುಮಗಳು ಅವಳು. ಗಂಡನ ತೊಡೆಯ ಮೇಲಿನ ಗಿಳಿಗೆ ಬಾಗಿ ನಮಸ್ಕರಿಸುವವಳಂತೆ ಮಾಡಿ ಒಡಪು ಬಿಟ್ಟಳು:

"ಮಂಚಾ ಕೊಯ್ದು ಮಾಡ್ಯಾರ ಗಿಟಾರು, ತಂತಿ ಆರು,
ಹೆಂಡತಿ ಮಾತಿಗೆ ದೆವ್ವ ಅಂತ ನಡುಗ್ಯಾರ ರವೀಂದ್ರ ನಮ್ಮನಿಯವರು!"

ಹಾರ್ನು ಅದನ್ನು ಬನವಾಸಿ ರಸ್ತೆಯ ಉದ್ದಕ್ಕೂ ಸಾರಿತು! ನೆಂಟರು ಹೊಟ್ಟೆ ಹಿಡಿದು ನಕ್ಕರು. ಸ್ಟಾಪಿನಲ್ಲಿ ಬಸ್ಸಿಗೆ ನಿಂತವರೂ ಇತ್ತ ತಿರುಗಿ ನಕ್ಕರು. ಮೀಸೆಗೆ ಹೋದ ಕೈ ತಲೆ ಕೆರೆದುಕೊಂಡು ಇಳಿಯಿತು.

ನೆಂಟರು ಹೋದರು. ಅತೀಕ್ ಹಾರ್ನು, ಸ್ಪೀಕರ್, ಆಂಪ್ಲಿಫೈಯರ್ ಎಲ್ಲ ಬಿಚ್ಚಿಕೊಂಡು ಹೋದ. ದೀಪ ಹಚ್ಚುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೇ ನಡುಮನೆಯಲ್ಲಿ ಉಳಿದರು. ಗಿಟಾರು ಗೋಡೆಯ ಮೇಲಿತ್ತು.

"ಆತ ಬಿಡು, ಮರ್ಯಾದಿ ಹರಾಜು ಹಾಕಿದಿ," ಎಂದ ರವೀಂದ್ರ. "ಇವತ್ತು ಹೆಸರು ಹೇಳಾಕ ಒಡಪು ಬೇಕಾತು. ಅವತ್ತು 'ರವ್ಯಾ' ಅಂತ ಕರಿಯೋವಾಗ ನಾಚಿಕಿ ಬರಲಿಲ್ಲೇನ?"

"ಯಾರ ಅಂದ್ರು ರವ್ಯಾ ಅಂತ?"

"ನೀನ. ರವ್ಯಾ, ಬಾಗಲಾ ಹಾಕ್ಯೋ, ಬೆಕ್ಕ ಬರತೈತಿ ಅಂದಿ. ಗಿಟಾರು ತೂಗಹಾಕಿದ ದಿನ."

ಮಹೇಶ್ವರಿ ಗಲ್ಲ ಗಲ್ಲ ಬಡಿದುಕೊಂಡಳು. "ಶಿವ ಶಿವಾ! ಗಂಡನ ಹೆಸರ ಹಂಗ ಮುರದು ಕರೀತಾರೇನ್ರಿ? ನಾ ಬೇಡಿಕೊಂಡಿದ್ದೆಲ್ಲಾ 'ಅತ್ತೀ, ನಿಮ್ಮ ಮಗಗ ಹೇಳ್ರಿ' ಅಂತ. ಅದೂ ಮರುದಿನದಿಂದ. ಗಿಟಾರು ತೂಗಹಾಕಿದ ದಿನ ನಾ ಮನ್ಯಾಗ ಎಲ್ಲಿದ್ದೆ? ಶರೀಫಾನ ಮನ್ಯಾಗ ಹಲಸಿನ ಹಪ್ಪಳಾ ಲಟ್ಟಿಸಾಕ ಹೋಗಿದ್ದೆ. ರಾತ್ರಿ ಊಟಕ್ಕ ಬಂದೆ."

ಇಬ್ಬರೂ ಗೋಡೆಯ ಕಡೆ ನೋಡಿದರು. ಗಿಳಿ ಕೊಕ್ಕು ಮುಚ್ಚಿಕೊಂಡೇ ಇತ್ತು. ವೈರಿನ ತುದಿ ಯಾವುದಕ್ಕೂ ಸೇರದೆ ಕಿಟಕಿಯಿಂದ ಜೋತುಬಿದ್ದಿತ್ತು. ಹಿತ್ತಲ ಕಡೆಯಿಂದ ಗಾಳಿ ಬಂತು. ಬಾಗಿಲು ಹಾರುಹೊಡೆದಿತ್ತು, ಹೊಸ್ತಿಲ ಮೇಲೆ ಬೆಕ್ಕು ಒಂದು ಕಾಲು ಒಳಗಿಟ್ಟು ನಿಂತಿತ್ತು.

ಸಿರಸಿ ಪೇಟೆಯ ಏಕಮಾತ್ರ ಗಿಟಾರು ತಯಾರಕ ಎದ್ದು ಹೋಗಿ, ಬೆಕ್ಕನ್ನು ಅತ್ತ ಓಡಿಸಿ, ಬಾಗಿಲು ಮುಚ್ಚಿ ಚಿಲಕ ಹಾಕಿದ. ಹಾಕಿ, ಗೋಡೆಯ ಕಡೆ ತಿರುಗದೆಯೇ ಮೆಲ್ಲಗೆ ಅಂದ:

"ಹಾಕೇನಿ ಬೇ, ಯವ್ವಾ."