ಪುದೀನ ಬಂದ ದಾರಿ

ನಮ್ಮ ಸೋದರಮಾವನ ತಟ್ಟೆಗೆ ಪುದೀನ ಚಟ್ನಿ ಬಡಿಸುವುದೂ ಒಂದೇ, ಪಟಾಕಿ ಅಂಗಡಿಯೊಳಗೆ ಬೀಡಿ ಹಚ್ಚುವುದೂ ಒಂದೇ! ನಾಲಿಗೆಗೆ ತಾಗುವುದೇ ತಡ, "ಈ ಹೆಸರು ಎಲ್ಲಿಂದ ಬಂತು ಗೊತ್ತೇನವ್ವ?" ಎಂದು ಶುರು. ಗೊತ್ತು ಅಂದರೂ ಬಿಡುವುದಿಲ್ಲ, ಗೊತ್ತಿಲ್ಲ ಅಂದರಂತೂ ಮುಗಿಯಿತು! ಪರ್ಷಿಯಾದಲ್ಲಿ ಹುಟ್ಟಿದ ಮಾತು ಸಿಪಾಯಿಗಳ, ಅಡುಗೆಯವರ ಬಾಯಲ್ಲಿ ದಿಲ್ಲಿಗೆ ಬಂದು, ದಖನ್ನಿಗೆ ಇಳಿದು, ತೆಲುಗರು ತಮಿಳರನ್ನೆಲ್ಲ ಮಾತಾಡಿಸಿಕೊಂಡು, ಬೈರಾಪಟ್ಟಣದ ಮಾವನ ಬಚ್ಚಲ ಪಕ್ಕದ ಪಾತಿಗೆ ಸೇರುವ ಹೊತ್ತಿಗೆ ಸಾರು ಆರಿರುತ್ತದೆ.

"ಪರ್ಸಿಯಾದಿಂದ ಒಸಿ ಬ್ಯಾಗ ಬನ್ನಿ, ಮುದ್ದೆ ಗಟ್ಟಿಯಾಯ್ತಾ ಐತೆ!" ಎಂದು ಅತ್ತೆ ಒಳಗಿನಿಂದ ಕೂಗುತ್ತಾರೆ.

ನೆರೆಯವರು ನೆಡಲು ಒಂದು ಕಡ್ಡಿ ಕೇಳಿದರೂ ಕಥೆ ಕೇಳಿಯೇ ಒಯ್ಯಬೇಕು. ಅದಕ್ಕೇ ಅವರೆಲ್ಲ ಅಂಗಡಿಯಲ್ಲೇ ಕೊಳ್ಳುತ್ತಿದ್ದರು!

ನನ್ನ ಮಗಳ ಬೀಗರೂಟದ ದಿನ ಬಿರಿಯಾನಿ ತುಂಬ ಪುದೀನ! ಹೊಸ ಬೀಗರೆದುರು ಎಲ್ಲಿ ಶುರುಮಾಡುತ್ತಾರೋ ಎಂದು ಮಾವನನ್ನು ಮೂಲೆಯ ಎಲೆಗೆ ಕೂರಿಸಿದೆ. ಅವರು ಬಡಿಸುವವನನ್ನೇ ಹಿಡಿದರು.

"ಇದು ಎಲ್ಲಿಂದ ಬಂತು ಗೊತ್ತೇನ್ಲಾ?"

"ಚನ್ನಪಟ್ಣದ ಮಾರ್ಕೆಟ್ಟಿಂದ ಕಣಣ್ಣೋ! ಕೈ ಬುಡು, ಅತ್ಲಾಗೆ ಪೀಸ್ ಕೇಳ್ತಾವ್ರೆ!"

ಇಂಥ ಮಾವನಿಗೆ ಮೊನ್ನೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಜೊತೆಗೆ ಮಾತೂ. "ಮಾತು ಬಂದರೂ ಬರಬಹುದು, ಮಾತಾಡಿಸ್ತಾ ಇರಿ" ಎಂದರು ರಾಮನಗರದ ಡಾಕ್ಟರು. ನಾವೇನು ಮಾತಾಡಿಸುವುದು? ನಮ್ಮ ಮನೆಗಳಲ್ಲಿ ಮಾತೆಲ್ಲ ಅವರದೇ ಇತ್ತಲ್ಲ! ಹೆಸರು ಕೇಳಿದೆವು, ಊರು ಕೇಳಿದೆವು. ತುಟಿ ಅಲುಗಿತು, ಅಷ್ಟೆ. ಎಲ್ಲಿ ಶುರುಮಾಡುತ್ತಾರೋ ಎಂದು ಇಷ್ಟು ವರ್ಷ ಹೆದರಿದವಳು, ಇನ್ನು ಶುರುಮಾಡುವುದೇ ಇಲ್ಲವೇನೋ ಎಂದು ಹೆದರುತ್ತ ಆಸ್ಪತ್ರೆಯ ಮಂಚದ ಬಳಿ ಕೂತೆ.

ಒಂದು ಬೆಳಿಗ್ಗೆ ಅತ್ತೆ ಪಾತಿಯಿಂದ ನಾಲ್ಕು ಎಲೆ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಅಂಗೈಯಲ್ಲಿ ಉಜ್ಜಿ ಮಾವನ ಮೂಗಿಗೆ ಹಿಡಿದು ತಾವೇ ಶುರುಮಾಡಿದರು. "ಪುದೀನ ತುರ್ಕಿ ದೇಸದ ಮಾತಂತೆ. ಅಲ್ಲಿಂದ ಸೀದಾ ಮದ್ರಾಸಿಗೆ ಬಂತಂತೆ..."

ನನಗೆ ಹೊಸ ಭಯ! ದಿನಾ ಕೇಳಿದ ಕಥೆಯನ್ನೇ ತಪ್ಪು ಹೇಳುತ್ತಿದ್ದಾರಲ್ಲ, ಚಿಂತೆಯಲ್ಲಿ ಇವರಿಗೂ ಏನಾದರೂ ಆಯಿತೇ?

ಮಾವನ ಹುಬ್ಬು ಗಂಟಿಕ್ಕಿತು. ಎಡಗೈ ಮಂಚದ ಕಂಬಿ ಬಡಿಯಿತು.

"ಪ... ಪರ್... ಪರ್ಸಿಯಾ!"

ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ತಪ್ಪು ಹೇಳಿದ್ರೆ ಸುಮ್ಕಿರೋ ಜೀವಾನಾ ಇದು?" ಎಂದು ಕಣ್ಣೊರೆಸಿಕೊಂಡರು. ಮತ್ತೆ ಮಾವನ ಕೈ ಹಿಡಿದು, "ಹೌದಾ? ಆಮ್ಯಾಕೆ ಎಲ್ಲಿಗೆ ಬಂತು?" ಎಂದು ಏನೂ ಗೊತ್ತಿಲ್ಲದವರಂತೆ ಕೇಳಿದರು.

ಮಧ್ಯಾಹ್ನದವರೆಗೂ ನಾವು ದಿಲ್ಲಿ ತಲುಪಲಿಲ್ಲ. ರಾಗಿ ಗಂಜಿ ಲೋಟದಲ್ಲೇ ಆರಿ ಗಟ್ಟಿಯಾಯಿತು. ಅತ್ತೆ ಬೇಗ ಬನ್ನಿ ಅನ್ನಲಿಲ್ಲ.